ಪ್ಯಾಲಿಯೇಟಿವ್ ಅಂದ್ರೆ ಕೈಬಿಟ್ಟರು ಅಂತಾನಾ?

ಪ್ರಶ್ನೆ: ಮಾವನವರಿಗೆ 71 ವರ್ಷ. ಬಹಳ ವರ್ಷ ಬೀಡಿ ಸೇದಿದವರು. ಈಗ ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ) ಜಾಸ್ತಿಯಾಗಿ ಬಚ್ಚಲಿಗೆ ಹೋಗಿ ಬರುವಷ್ಟರಲ್ಲೇ ಏದುಸಿರು. ಡಾಕ್ಟರು ‘ಪ್ಯಾಲಿಯೇಟಿವ್ ಕೇರ್’ ಅಂದರು. ಇನ್ನು ಆಸೆ ಇಲ್ಲ ಅಂತಾನಾ? ರಾತ್ರಿಯೆಲ್ಲ ನಾನೇ ಎದ್ದಿರಬೇಕು.
– ಒಬ್ಬ ಸೊಸೆ, ಗದಗ

ಉತ್ತರ: ಅಲ್ವೇ ಅಲ್ರೀ. ಇದು ಕ್ಯಾನ್ಸರ್‌ಗೆ ಮಾತ್ರ, ಕೊನೇ ದಿನಗಳಿಗೆ ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ. ಇನ್‌ಹೇಲರ್, ಮಾತ್ರೆ ಎಲ್ಲ ನಡೆದೇ ಇರುತ್ತವೆ, ಜೊತೆಗೆ ಏದುಸಿರು, ಭಯ, ನಿದ್ದೆಗೇಡು ಇವನ್ನೂ ನೋಡಿಕೊಳ್ಳುವುದು ಈ ಆರೈಕೆ.

ಉಸಿರು ಕಟ್ಟಿದಂತಾದಾಗ ಮಲಗಿಸಬೇಡಿ. ಮುಂದಕ್ಕೆ ಬಾಗಿಸಿ ಕೂರಿಸಿ, ಮೊಣಕೈ ಮೇಜಿನ ಮೇಲಿರಲಿ. ಸಣ್ಣ ಫ್ಯಾನಿನ ಗಾಳಿ ನೇರ ಮುಖಕ್ಕೆ ಬೀಳಲಿ. ಇಷ್ಟರಿಂದ ಏನಾಗುತ್ತೆ ಅನ್ನಬೇಡಿ, ಬಹಳ ಜನರಿಗೆ ಹಾಯೆನಿಸುತ್ತದೆ. ಬಿಸಿ ಹಾಲು ಆರಿಸುವಂತೆ ತುಟಿ ಸಣ್ಣ ಮಾಡಿ ನಿಧಾನ ಉಸಿರು ಬಿಡಲು ಹೇಳಿ.

ಮನೆಯಲ್ಲಿ ಆಕ್ಸಿಜನ್ ಇದ್ದರೆ ನೀವಾಗಿ ಹೆಚ್ಚಿಸಬೇಡಿ. ಆಕ್ಸಿಜನ್ ಹಚ್ಚಿದ ಸಿಒಪಿಡಿಯವರಿಗೆ ಬೆರಳಿಗೆ ಹಾಕುವ ಆಕ್ಸಿಮೀಟರ್‌ನಲ್ಲಿ ರಕ್ತದ ಆಕ್ಸಿಜನ್ ಪ್ರಮಾಣ ಸಾಮಾನ್ಯವಾಗಿ ಶೇಕಡ 88ರಿಂದ 92 ಇದ್ದರೆ ಸಾಕು, 99 ಬರಲಿ ಅಂತ ಹಠ ಹಿಡಿದರೆ ಕೆಲವರಿಗೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿ ಮಂಪರು ಬರುತ್ತದೆ. ಆಕ್ಸಿಜನ್ ಹತ್ತಿರ ಬೀಡಿ, ಊದಿನಕಡ್ಡಿ ಬೇಡವೇ ಬೇಡ. ಯಾವುದಕ್ಕೂ ಬಗ್ಗದ ಏದುಸಿರಿಗೆ ಕೆಲವರಿಗೆ ಸಣ್ಣ ಪ್ರಮಾಣದ ಮಾರ್ಫಿನ್ ಬರೆಯುತ್ತಾರೆ, ಹೆಸರು ಕೇಳಿ ಹೆದರಬೇಡಿ, ಆದರೆ ಡಾಕ್ಟರು ಹೇಳಿದಷ್ಟೇ ಕೊಡಿ. ನಿಮ್ಮೂರಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಜಿಮ್ಸ್‌ನಲ್ಲೋ ಹುಬ್ಬಳ್ಳಿಯ ಕಿಮ್ಸ್‌ನಲ್ಲೋ (ಈಗ ಕೆಎಂಸಿಆರ್‌ಐ) ಎದೆರೋಗದ ಡಾಕ್ಟರನ್ನು ಕೇಳಿ.

ಇನ್ನು ನಿಮ್ಮ ನಿದ್ದೆ. ಅವರ ಮಗ ಇದ್ದಾರಲ್ವಾ? ವಾರಕ್ಕೆ ಮೂರು ರಾತ್ರಿ ಅವರ ಪಾಳಿ. ತುಟಿ ನೀಲಿಯಾದರೆ, ಕರೆದರೂ ಸರಿಯಾಗಿ ಎಚ್ಚರವಾಗದಿದ್ದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.