ಮೂತ್ರಪಿಂಡ ಕೆಟ್ಟ ನಾಯಿಯ ಚಿಕಿತ್ಸೆಗೆ ಎಷ್ಟು ಖರ್ಚು ಮಾಡುವುದು ಸರಿ?

ನಿಮ್ಮ ಪ್ರಶ್ನೆಯನ್ನು ನಿಧಾನವಾಗಿ ಓದಿದೆ. ಮಂಡ್ಯದ ನಿಮ್ಮ ಮನೆಯಲ್ಲಿ ಬೆಳೆದ ಒಂಬತ್ತು ವರ್ಷದ ಲ್ಯಾಬ್ರಡಾರ್ ಕೆಲವು ದಿನಗಳಿಂದ ಊಟ ಬಿಟ್ಟು ವಾಂತಿ ಮಾಡುತ್ತಿದೆ. ಮೈಸೂರಿನ ಖಾಸಗಿ ಚಿಕಿತ್ಸಾಲಯವೊಂದರಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ, ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕಲ್ಮಶವಾದ ಕ್ರಿಯಾಟಿನಿನ್ 6.4 ಎಂದು ಬಂದಿದೆ. ಡ್ರಿಪ್ ಹಾಕಲು ದಿನಕ್ಕೆ 2,500 ರೂಪಾಯಿ ಆಗುತ್ತದೆಂದೂ, ಬೇಕಾದರೆ ಬೆಂಗಳೂರಿಗೆ ಕರೆದೊಯ್ದು ಡಯಾಲಿಸಿಸ್ ಮಾಡಿಸಬಹುದೆಂದೂ ಹೇಳಿದ್ದಾರೆ. ಈಗಾಗಲೇ 18,000 ರೂಪಾಯಿ ಖರ್ಚಾಗಿದೆ, ಉಳಿದಿರುವುದು ಮಗಳ ಕಾಲೇಜು ಶುಲ್ಕಕ್ಕೆಂದು ಕಟ್ಟಿದ ಚೀಟಿಯ ಹಣ. ಮಾವನವರು ‘ಒಂದು ನಾಯಿಗೆ ಇಷ್ಟೊಂದು ಸುರಿಯಬೇಕೇ’ ಎನ್ನುತ್ತಿದ್ದಾರೆ. ಎಲ್ಲಿಗೆ ನಿಲ್ಲಿಸಬೇಕು, ನಿಲ್ಲಿಸಿದರೆ ತಪ್ಪಾಗುತ್ತದೆಯೇ ಎಂದು ನೀವು ಕೇಳಿದ್ದೀರಿ.

ನಾನು ಪಶುವೈದ್ಯನಲ್ಲ. ಮೈಸೂರಿನ ಸರಸ್ವತಿಪುರಂನಲ್ಲಿರುವ ನಮ್ಮ ಮನೆಯಲ್ಲಿ ತಂದೆಯವರ ಕಾಲದಿಂದಲೂ ನಾಯಿಗಳಿವೆ, ಅವುಗಳಲ್ಲಿ ಒಂದು ಇದೇ ಕಾಯಿಲೆಯಿಂದ ತೀರಿಕೊಂಡಿತು. ಆ ಅನುಭವದಿಂದ ನನಗೆ ಮನದಟ್ಟಾಗಿರುವುದು ಇಷ್ಟು: ಎಷ್ಟು ಹಣ ಎಂಬ ಪ್ರಶ್ನೆಗೆ ಮೊದಲು ಉತ್ತರ ಹುಡುಕಲು ಹೋದರೆ ಉತ್ತರ ಸಿಗುವುದಿಲ್ಲ. ಕೊಡುವ ಹಣದಿಂದ ನಾಯಿಗೆ ಏನು ಸಿಗುತ್ತದೆ, ಗುಣವೋ, ಒಂದಷ್ಟು ನೆಮ್ಮದಿಯ ದಿನಗಳೋ, ಅಥವಾ ನಮ್ಮ ಮನಸ್ಸಿನ ಸಮಾಧಾನ ಮಾತ್ರವೋ ಎಂಬುದು ಸ್ಪಷ್ಟವಾದ ಮೇಲೆ ಮೊತ್ತವನ್ನು ನಿರ್ಧರಿಸುವುದು ಅಷ್ಟು ಕಷ್ಟವಾಗುವುದಿಲ್ಲ.

ಆದ್ದರಿಂದ ನಿಮ್ಮ ಬಳಿ ಉಳಿದಿರುವ ಹಣದಲ್ಲಿ ಮೊದಲ ಪಾಲು ಹೋಗಬೇಕಾದದ್ದು ಈ ಕಾಯಿಲೆ ಈಚೆಗೆ ಹಠಾತ್ತನೆ ಬಂದದ್ದೋ, ವರ್ಷಗಳಿಂದ ಒಳಗೊಳಗೇ ಬೆಳೆದದ್ದೋ ಎಂದು ತಿಳಿಯುವುದಕ್ಕೆ. ಕ್ರಿಯಾಟಿನಿನ್ ಸಂಖ್ಯೆಯೊಂದೇ ಇದನ್ನು ಹೇಳುವುದಿಲ್ಲ. ನಾಯಿಗಳ ದೀರ್ಘಕಾಲದ ಮೂತ್ರಪಿಂಡದ ಕಾಯಿಲೆಯನ್ನು ವೈದ್ಯರು ನಾಲ್ಕು ಹಂತಗಳಾಗಿ ವಿಂಗಡಿಸುತ್ತಾರೆ, ಕ್ರಿಯಾಟಿನಿನ್ 5 ದಾಟಿದರೆ ಅದು ಕೊನೆಯ ಹಂತ. ಆದರೆ ಆ ವಿಂಗಡಣೆಯನ್ನು ಅನ್ವಯಿಸಬೇಕಾದದ್ದು ದೇಹದ ನೀರಿನಂಶ ಸರಿಯಾಗಿ, ಸ್ಥಿತಿ ಒಂದು ಹದಕ್ಕೆ ಬಂದಿರುವ ನಾಯಿಗೆ. ದಿನಗಟ್ಟಲೆ ವಾಂತಿ ಮಾಡಿ ಒಣಗಿಹೋದ ನಾಯಿಯಲ್ಲಿ ಆ ಸಂಖ್ಯೆ ವಾಸ್ತವಕ್ಕಿಂತ ಮೇಲೇರಿರುತ್ತದೆ. ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಮೂತ್ರಪಿಂಡಗಳು ಸಣ್ಣದಾಗಿ, ಅಂಚು ಒರಟಾಗಿ ಕಂಡರೆ, ರಕ್ತಹೀನತೆಯೂ ಇದ್ದರೆ, ಹಿಂದಿನ ತಿಂಗಳುಗಳಲ್ಲಿ ನಾಯಿ ವಿಪರೀತ ನೀರು ಕುಡಿದು ಸೊರಗುತ್ತಾ ಬಂದಿದ್ದರೆ, ಅದು ಹಳೆಯ ಕಾಯಿಲೆ ಎಂದು ತಿಳಿಯಬೇಕಾಗುತ್ತದೆ. ಮೂತ್ರಪಿಂಡದ ಸಾಮರ್ಥ್ಯದ ಮುಕ್ಕಾಲು ಭಾಗದಷ್ಟು ನಷ್ಟವಾಗುವವರೆಗೂ ಕ್ರಿಯಾಟಿನಿನ್ ಎದ್ದು ಕಾಣುವಂತೆ ಏರುವುದಿಲ್ಲ. ಹಾಗಾಗಿ ಕಾಯಿಲೆ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ತಡವಾಗಿರುತ್ತದೆ. ಇದು ಸಾಕಿದವರ ಅಲಕ್ಷ್ಯವಲ್ಲ, ಕಾಯಿಲೆಯ ಸ್ವಭಾವವೇ ಹಾಗೆ.

ಮೂತ್ರಪಿಂಡಗಳ ಗಾತ್ರ ಸರಿಯಾಗಿದ್ದು ಅಥವಾ ಊದಿಕೊಂಡಿದ್ದು, ನಾಯಿ ಹದಿನೈದು ದಿನಗಳ ಹಿಂದೆ ಆರೋಗ್ಯವಾಗಿಯೇ ಇತ್ತೆಂದಾದರೆ ವಿಷಯ ಬೇರೆ. ನಿಮ್ಮದು ಗದ್ದೆ ನಾಲೆಗಳ ಊರು. ಇಲಿಗಳ ಮೂತ್ರ ಬೆರೆತ ನೀರಿನಿಂದ ಹರಡುವ ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿ ಜ್ವರ, ನಾಯಿಯ ಮೂತ್ರಪಿಂಡವನ್ನು ಕೆಲವೇ ದಿನಗಳಲ್ಲಿ ಹಾಳುಮಾಡಬಲ್ಲದು. ಆದರೆ ಬೇಗ ಪತ್ತೆಯಾದರೆ ಡಾಕ್ಸಿಸೈಕ್ಲಿನ್‌ನಂಥ ಹಳೆಯ, ಅಗ್ಗದ ಔಷಧಿ ಮತ್ತು ಡ್ರಿಪ್‌ನಿಂದ ಚೇತರಿಸಿಕೊಳ್ಳುವ ನಾಯಿಗಳು ಬಹಳಷ್ಟಿವೆ. ಲಸಿಕೆ ಹಾಕಿಸಿದ್ದೇವೆ ಎಂದು ಈ ಸಾಧ್ಯತೆಯನ್ನು ತಳ್ಳಿಹಾಕಬೇಡಿ. ಇಲಿ ಜ್ವರದ ಲಸಿಕೆಯನ್ನು ಪ್ರತಿವರ್ಷ ಹಾಕಿಸಬೇಕು, ಹಾಕಿಸಿದರೂ ಆ ರೋಗಾಣುವಿನ ಎಲ್ಲ ಬಗೆಗಳಿಂದಲೂ ಅದು ರಕ್ಷಿಸುವುದಿಲ್ಲ. ಇಲಿ ಜ್ವರದ ಪರೀಕ್ಷೆ ಆಗಿದೆಯೇ ಎಂದು ಇಂದೇ ಕೇಳಿ. ಇದು ಮನುಷ್ಯರಿಗೂ ಅಂಟುವ ರೋಗವಾದ್ದರಿಂದ, ಫಲಿತಾಂಶ ಬರುವವರೆಗೆ ನಾಯಿಯ ಮೂತ್ರವನ್ನು ಕೈಗವಸು ಹಾಕಿಕೊಂಡೇ ಸ್ವಚ್ಛಗೊಳಿಸಿ, ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ನಾಯಿಯ ವಿಚಾರವನ್ನು ವೈದ್ಯರಿಗೆ ತಪ್ಪದೆ ತಿಳಿಸಿ.

ಹಠಾತ್ತನೆ ಬಂದ ಕಾಯಿಲೆಯಾದರೆ ನಿಮ್ಮ ಶಕ್ತಿಮೀರದಷ್ಟು, ಸ್ವಲ್ಪ ಕಷ್ಟವಾದರೂ ಸರಿ, ಖರ್ಚು ಮಾಡಿ ಎಂದೇ ನಾನು ಹೇಳುತ್ತೇನೆ, ಏಕೆಂದರೆ ಅಲ್ಲಿ ಹಣಕ್ಕೆ ಪ್ರತಿಯಾಗಿ ವರ್ಷಗಳ ಆಯಸ್ಸು ಸಿಗುವ ಸಾಧ್ಯತೆ ಇದೆ. ಆದರೂ ಕೊನೆಯಿಲ್ಲದಂತೆ ಒಪ್ಪಿಕೊಳ್ಳಬೇಡಿ. ಮೂರು ದಿನಗಳ ಡ್ರಿಪ್‌ಗೆ ಒಪ್ಪಿ, ಔಷಧಿ, ಪರೀಕ್ಷೆ ಎಲ್ಲ ಸೇರಿ ಒಟ್ಟು ಎಷ್ಟಾಗುತ್ತದೆಂದು ಬರೆಸಿಕೊಳ್ಳಿ. ಮೂರನೆಯ ದಿನ ಮತ್ತೆ ರಕ್ತ ಪರೀಕ್ಷೆ ಮಾಡಿಸಿ, ಕ್ರಿಯಾಟಿನಿನ್ ಇಳಿದಿದ್ದರೆ, ಮೂತ್ರ ಸರಾಗವಾಗಿ ಆಗುತ್ತಿದ್ದರೆ ಮುಂದುವರಿಸುವ ಮಾತಾಡಿ. ಹೀಗೆ ದಿನ ಗೊತ್ತುಮಾಡಿಕೊಂಡು ಚಿಕಿತ್ಸೆ ಕೊಡಿಸುವುದನ್ನು ಒಳ್ಳೆಯ ವೈದ್ಯರು ಯಾರೂ ತಪ್ಪು ತಿಳಿಯುವುದಿಲ್ಲ.

ಡಯಾಲಿಸಿಸ್ ಬಗ್ಗೆಯೂ ಇದೇ ಅಳತೆ. ಹಠಾತ್ ಹಾನಿಯಲ್ಲಿ ಮೂತ್ರಪಿಂಡ ತಾನಾಗಿ ಚೇತರಿಸಿಕೊಳ್ಳುವವರೆಗೆ ರಕ್ತವನ್ನು ಶುದ್ಧವಾಗಿಟ್ಟು ಕಾಲಾವಕಾಶ ಕೊಡುವುದು ಅದರ ಕೆಲಸ. ಹಳೆಯ ಕಾಯಿಲೆಯ ಕೊನೆಯ ಹಂತದಲ್ಲಿ ಚೇತರಿಸಿಕೊಳ್ಳಲು ಏನೂ ಉಳಿದಿರುವುದಿಲ್ಲವಾದ್ದರಿಂದ, ನಿಲ್ಲಿಸಿದ ಕೂಡಲೇ ವಿಷ ಮತ್ತೆ ರಕ್ತದಲ್ಲಿ ಸೇರತೊಡಗುತ್ತದೆ. ಮಂಡ್ಯದಿಂದ ಬೆಂಗಳೂರಿಗೆ ಸುಮಾರು 100 ಕಿಲೋಮೀಟರ್. ನಿತ್ರಾಣವಾಗಿರುವ ನಾಯಿಗೆ ಆ ಪ್ರಯಾಣವೇ ಒಂದು ಹಿಂಸೆ. ಹೊರಡುವ ಮೊದಲು ಸ್ಕ್ಯಾನಿಂಗ್ ಮತ್ತು ರಕ್ತ ಪರೀಕ್ಷೆಯ ವರದಿಗಳನ್ನು ಕಳುಹಿಸಿ, ಈ ನಾಯಿಗೆ ಇದರಿಂದ ಏನು ಪ್ರಯೋಜನ ಎಂದು ಕೇಳಿ. ಎರಡನೆಯ ಅಭಿಪ್ರಾಯಕ್ಕೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಹಾಸನದಲ್ಲೂ ಪಶುವೈದ್ಯಕೀಯ ಕಾಲೇಜು ಇದೆ. ಅವು ಸರ್ಕಾರಿ ಸಂಸ್ಥೆಗಳಾದ್ದರಿಂದ ಶುಲ್ಕದ ಭಾರವೂ ಕಡಿಮೆ.

ಹಳೆಯ ಕಾಯಿಲೆ ಎಂದು ಖಚಿತವಾದರೆ, ಮಗಳ ಶುಲ್ಕದ ಹಣವನ್ನು ಮುಟ್ಟಬೇಡಿ, ಒಡವೆ ಅಡವಿಡಬೇಡಿ. ಇದನ್ನು ನಾನು ಕಲ್ಲುಮನಸ್ಸಿನಿಂದ ಹೇಳುತ್ತಿಲ್ಲ. ನಮ್ಮ ಕರಿಯನಿಗೆ ಈ ಕಾಯಿಲೆ ಬಂದಾಗ ವೈದ್ಯರು ‘ಗುಣವಾಗುವುದಿಲ್ಲ, ಆದರೆ ಚೆನ್ನಾಗಿ ನೋಡಿಕೊಳ್ಳಬಹುದು’ ಎಂದು ನೇರವಾಗಿ ಹೇಳಿದ್ದರು. ಅನಂತರ ನಾವು ಮಾಡಿದ್ದೆಲ್ಲ ಮನೆಯಲ್ಲೇ. ಚರ್ಮದ ಕೆಳಗೆ ರಿಂಗರ್ ಲ್ಯಾಕ್ಟೇಟ್ ದ್ರವ ಕೊಡುವುದನ್ನು ವೈದ್ಯರೇ ನನ್ನ ಹೆಂಡತಿಗೆ ಕಲಿಸಿಕೊಟ್ಟರು. ಒಂದು ಬಾಟಲಿಗೆ ಆಗುವ ಖರ್ಚು ಆಸ್ಪತ್ರೆಯ ಒಂದು ದಿನದ ಖರ್ಚಿನ ಮುಂದೆ ಏನೂ ಅಲ್ಲ. ವಾಂತಿ, ಹೊಟ್ಟೆಯ ಆಮ್ಲ, ರಕ್ತದ ಒತ್ತಡ ಇವುಗಳಿಗೆ ನಾಯಿಗೆ ಬರೆದುಕೊಡುವ ಹಲವು ಮಾತ್ರೆಗಳು ಮನುಷ್ಯರೂ ಬಳಸುವಂಥವೇ ಆಗಿರುವುದರಿಂದ, ವೈದ್ಯರ ಚೀಟಿ ಹಿಡಿದು ಜನೌಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಕೊಳ್ಳಬಹುದು. ಚೀಟಿಯಿಲ್ಲದೆ ಯಾವುದನ್ನೂ ಕೊಡಬೇಡಿ, ಅದರಲ್ಲೂ ಐಬುಪ್ರೊಫೆನ್, ಡೈಕ್ಲೋಫಿನಾಕ್‌ನಂಥ ನೋವಿನ ಮಾತ್ರೆಗಳು ಉಳಿದಿರುವ ಮೂತ್ರಪಿಂಡವನ್ನೂ ಮುಗಿಸಿಬಿಡುತ್ತವೆ. ಆಹಾರದಲ್ಲಿ ರಂಜಕ, ಅಂದರೆ ಫಾಸ್ಫರಸ್, ಕಡಿಮೆ ಇರಬೇಕು. ನಮ್ಮ ಕಡೆ ನಾಯಿಗೆ ಮುದ್ದೆ, ಮೂಳೆ, ಈಲಿ ಹಾಕುವುದು ರೂಢಿ. ಮೂಳೆ ಮತ್ತು ಈಲಿಯಲ್ಲಿ ರಂಜಕ ಹೇರಳವಾಗಿದೆ, ಬಿಳಿ ಅಕ್ಕಿಗಿಂತ ರಾಗಿಯಲ್ಲೂ ಹೆಚ್ಚು. ಮೆತ್ತಗಿನ ಅನ್ನ, ಬೇಯಿಸಿದ ಮೊಟ್ಟೆಯ ಬಿಳಿಭಾಗ ಕರಿಯನಿಗೆ ಒಗ್ಗಿತು. ಪ್ರಮಾಣವನ್ನು ನಿಮ್ಮ ವೈದ್ಯರನ್ನೇ ಕೇಳಿ ತಿಳಿದುಕೊಳ್ಳಿ. ಕಡೆಯ ಆ ತಿಂಗಳುಗಳಲ್ಲಿ ಅವನು ಸಂಜೆ ಗೇಟಿನವರೆಗೆ ನಡೆದುಬರುತ್ತಿದ್ದ, ಹಾಕಿದ್ದನ್ನು ತಿನ್ನುತ್ತಿದ್ದ. ಅಷ್ಟರಮಟ್ಟಿಗೆ ನಾವು ಖರ್ಚು ಮಾಡಿದ್ದು ಸಾರ್ಥಕವಾಯಿತೆಂದು ಈಗಲೂ ನಂಬಿದ್ದೇನೆ.

ಹೆದರಿಸುವ ಹೆಸರಿನ ಕಾಯಿಲೆಗಳೆಲ್ಲ ದುಬಾರಿಯಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಬೀದಿಯಿಂದ ತಂದು ಸಾಕಿದ ನಮ್ಮ ಇನ್ನೊಂದು ನಾಯಿಗೆ ಜನನಾಂಗದ ಕ್ಯಾನ್ಸರ್ ಗಡ್ಡೆಯಾಗಿತ್ತು. ನಾಯಿಯಿಂದ ನಾಯಿಗೆ ಸಂಗಮದಲ್ಲಿ ಹರಡುವ ಆ ಗಡ್ಡೆ, ವಾರಕ್ಕೊಂದರಂತೆ ಕೆಲವು ವಾರ ಕೊಟ್ಟ ವಿನ್‌ಕ್ರಿಸ್ಟಿನ್ ಚುಚ್ಚುಮದ್ದಿಗೆ ಪೂರ್ತಿ ಕರಗಿಹೋಯಿತು. ಕ್ಯಾನ್ಸರ್ ಎಂಬ ಮಾತು ಕೇಳಿಯೇ ಕೈಚೆಲ್ಲಿದ್ದರೆ ಅವಳನ್ನು ಕಳೆದುಕೊಳ್ಳುತ್ತಿದ್ದೆವು. ಮೊದಲು ಕಾಯಿಲೆ ಯಾವುದೆಂದು ತಿಳಿಯಿರಿ ಎಂದು ನಾನು ಒತ್ತಿ ಹೇಳುತ್ತಿರುವುದು ಇದಕ್ಕೇ.

ಈಗಾಗಲೇ ಖರ್ಚಾದ 18,000 ರೂಪಾಯಿಯನ್ನು ಲೆಕ್ಕದಿಂದ ಬಿಟ್ಟುಬಿಡಿ. ಇಷ್ಟು ಹಾಕಿದ್ದೇವೆ, ಇನ್ನಷ್ಟು ಹಾಕಿ ನೋಡೋಣ ಎಂಬ ಯೋಚನೆ ಬಹಳ ಮನೆಗಳನ್ನು ಸಾಲಕ್ಕೆ ಎಳೆದಿದೆ.

ಮಾವನವರ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಕಬ್ಬಿನ ದುಡ್ಡು ಯಾವಾಗ ಕೈಗೆ ಬರುತ್ತದೋ ಎಂದು ಕಾಯುತ್ತಾ ಸಂಸಾರ ತೂಗಿಸಿದವರಿಗೆ ಹಣದ ಬಗ್ಗೆ ಭಯವಿರುವುದು ಸಹಜ, ಅದು ನಾಯಿಯ ಮೇಲಿನ ದ್ವೇಷವಲ್ಲ. ಅವರನ್ನೂ ಮಗಳನ್ನೂ ಕೂರಿಸಿಕೊಂಡು, ವೈದ್ಯರು ಹೇಳಿದ್ದನ್ನು ಹೇಳಿ, ಮನೆಗೆ ತೊಂದರೆಯಾಗದಂತೆ ಕೊಡಬಹುದಾದ ಮೊತ್ತ ಇಷ್ಟು ಎಂದು ಎಲ್ಲರ ಮುಂದೆ ಗೊತ್ತುಮಾಡಿ. ಆಸ್ಪತ್ರೆಯ ಕೌಂಟರಿನ ಮುಂದೆ ನಿಂತು, ನಾಯಿಯ ಮುಖ ನೋಡುತ್ತಾ ಆ ತೀರ್ಮಾನ ಮಾಡಲು ಯಾರಿಂದಲೂ ಆಗುವುದಿಲ್ಲ.

ನಿಲ್ಲಿಸುವುದು ಎಂದರೆ ಕೈಬಿಡುವುದು ಎಂದು ದಯವಿಟ್ಟು ತಿಳಿಯಬೇಡಿ. ಡ್ರಿಪ್ ನಿಲ್ಲಿಸಿದರೂ ವಾಂತಿಗೆ, ಸಂಕಟಕ್ಕೆ ಔಷಧಿ ನಡೆಯಬೇಕು. ಆಲಿಸ್ ವಿಲ್ಲಾಲೊಬೊಸ್ ಎಂಬ ಅಮೆರಿಕದ ಪಶುವೈದ್ಯೆ ರೂಪಿಸಿದ ಒಂದು ಅಳತೆ ನಮಗೆ ಬಹಳ ನೆರವಾಯಿತು. ನೋವು, ಹಸಿವು, ದೇಹದ ನೀರಿನಂಶ, ಶುಚಿತ್ವ, ಉಲ್ಲಾಸ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎಂಬುದು, ಈ ಏಳಕ್ಕೂ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಬೇಕು. ಸ್ಥಿತಿ ಚೆನ್ನಾಗಿದ್ದಷ್ಟೂ ಅಂಕ ಹೆಚ್ಚು. ಒಟ್ಟು 35ಕ್ಕಿಂತ ಮೇಲಿದ್ದರೆ ಬದುಕು ಸಹನೀಯವಾಗಿದೆ ಎಂದು ಅರ್ಥ. ಮನೆಯ ಇಬ್ಬರು ಬೇರೆಬೇರೆಯಾಗಿ ಅಂಕ ಹಾಕಿ ಹೋಲಿಸಿ ನೋಡಿ. ಅಂಕ ದಿನೇದಿನೇ ಇಳಿಯುತ್ತಿದ್ದರೆ ದಯಾಮರಣದ ಮಾತನ್ನು ವೈದ್ಯರ ಬಳಿ ನೀವೇ ಎತ್ತಿ. ಅರಿವಳಿಕೆಯ ಔಷಧಿಯನ್ನೇ ಹೆಚ್ಚಿನ ಪ್ರಮಾಣದಲ್ಲಿ ಕೊಡುವುದರಿಂದ ನಾಯಿ ಮೊದಲು ನಿದ್ದೆಗೆ ಜಾರುತ್ತದೆ, ಅನಂತರವೇ ಉಸಿರು ನಿಲ್ಲುತ್ತದೆ. ರಕ್ತದಲ್ಲಿ ಯೂರಿಯಾ ಎಂಬ ಕಲ್ಮಶ ಏರಿ, ಬಾಯಿ ಹುಣ್ಣಾಗಿ, ಫಿಟ್ಸ್ ಬಂದು ಸಾಯುವುದಕ್ಕಿಂತ ಅದು ಎಷ್ಟೋ ಕರುಣೆಯ ದಾರಿ, ಮತ್ತು ಅದಕ್ಕೆ ಕೊಡುವ ಹಣವೂ ಚಿಕಿತ್ಸೆಯ ಹಣವೇ.

ಅಂಥ ಸ್ಥಿತಿ ಭಾನುವಾರವೋ ನಡುರಾತ್ರಿಯೋ ಬರಬಹುದು. ಮನೆಗೆ ಬರಲು ಒಪ್ಪುವ ಪಶುವೈದ್ಯರು ಮಂಡ್ಯದಲ್ಲಿ ಯಾರಿದ್ದಾರೆ, ಎಷ್ಟು ಶುಲ್ಕ ತೆಗೆದುಕೊಳ್ಳುತ್ತಾರೆ ಎಂದು ಈ ವಾರವೇ ವಿಚಾರಿಸಿ ಅವರ ಫೋನ್ ಸಂಖ್ಯೆ ಬರೆದಿಟ್ಟುಕೊಳ್ಳಿ, ಆ ಶುಲ್ಕವನ್ನು ನೀವು ಗೊತ್ತುಮಾಡಿಕೊಂಡ ಮೊತ್ತದಿಂದ ಮೊದಲೇ ತೆಗೆದು ಬೇರೆಯಾಗಿಡಿ.