ಬಚ್ಚಲ ಬಾಗಿಲಿನ ಚಿಲಕ: ಒಂದು ಆಪ್ತಸಲಹೆ ಪ್ರಕರಣ

ಮನೆಯ ಹಿರಿಯರು ಒಮ್ಮೆ ಬಿದ್ದ ಮೇಲೆ ಮಕ್ಕಳು ಗಾಬರಿಯಿಂದ ಮನೆಯನ್ನು ಮಾರ್ಪಡಿಸುತ್ತಾರೆ. ಹಿರಿಯರು ಆ ಮಾರ್ಪಾಟುಗಳಿಂದ ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಾರೆ. ಕೊನೆಗೆ ಎರಡೂ ಕಡೆಯವರು ಮುಖ ಕೊಟ್ಟು ಮಾತನಾಡದ ಸ್ಥಿತಿಯಲ್ಲಿ ಆಪ್ತಸಲಹೆಗೆ ಬರುತ್ತಾರೆ. ಇಂಥವು ಪದೇ ಪದೇ ಬರುತ್ತಿರುವುದರಿಂದ ಅವುಗಳಲ್ಲಿ ಒಂದನ್ನು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಇಲ್ಲಿ ದಾಖಲಿಸುತ್ತಿದ್ದೇನೆ.

ಮಲೆನಾಡಿನ ಅಂಚಿನ ಪಟ್ಟಣವೊಂದರ ಹಳೆಯ ಮನೆ. 78 ವರ್ಷದ ತಾಯಿ, ಮಗ, ಸೊಸೆ. ತಾಯಿ ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದಾಗ ಒಳಗಿನಿಂದ ಚಿಲಕ ಹಾಕಿದ್ದರಿಂದ ಬಾಗಿಲು ಒಡೆಯಬೇಕಾಯಿತು. ಮುರಿದದ್ದು ಮಣಿಕಟ್ಟಿನ ಮೂಳೆ ಮಾತ್ರ. ಅವರು ಆಸ್ಪತ್ರೆಯಿಂದ ಮರಳುವಷ್ಟರಲ್ಲಿ ಮಗ ಬಚ್ಚಲಿಗೆ ಹೊಸ ಬಾಗಿಲು ಇಡಿಸಿದ್ದರು, ಅದಕ್ಕೆ ಚಿಲಕವಿರಲಿಲ್ಲ. ಗೋಡೆಗೆ ಸ್ಟೀಲಿನ ಹಿಡಿಕೆ ಬಂದಿತ್ತು, ನಡುಮನೆಯಲ್ಲಿ ಕ್ಯಾಮೆರಾ ಕೂತಿತ್ತು.

ಮಗನ ಭಯ ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ, ಅವರಲ್ಲಿ 60 ದಾಟಿದವರೇ ಹೆಚ್ಚು. ಆದರೂ ಇಷ್ಟೆಲ್ಲ ಮಾಡಿಸಿದ ಮೇಲೆ ತಾಯಿಗೆ ಬೆಳಗಿನ ಜಾವ ಏಳುವಾಗ ಕಣ್ಣು ಕತ್ತಲೆ ಬರುವುದು ಹೆಚ್ಚಾಗಿತ್ತು, ಸೊಸೆಯೊಂದಿಗೆ ಮಾತು ನಿಂತಿತ್ತು. “ಅತ್ತೆಗೆ ಹಠ” ಎಂಬುದು ಮನೆಯವರ ತೀರ್ಮಾನವಾಗಿತ್ತು.

ಮೂವರೂ ಆಪ್ತಸಲಹೆಗೆ ನನ್ನ ಬಳಿ ಬಂದಾಗ ಮಗ ಸೊಸೆಯರನ್ನು ಹೊರಗೆ ಕೂರಿಸಿ, ತಾಯಿಯನ್ನು ಒಂದೇ ಒಂದು ವಿಷಯ ಕೇಳಿದೆ: ನಿನ್ನೆ ಮಧ್ಯಾಹ್ನದ ಊಟದಿಂದ ಇಂದು ಸ್ನಾನ ಮುಗಿಯುವವರೆಗೆ ಏನೇನು ಮಾಡಿದಿರಿ, ಒಂದನ್ನೂ ಬಿಡದೆ ಹೇಳಿ. ಹಿರಿಯರಿಗೆ “ನಿಮಗೇನು ಕಷ್ಟ?” ಎಂದು ಕೇಳಿದರೆ “ಏನೂ ಇಲ್ಲಮ್ಮ” ಎಂಬ ಉತ್ತರವೇ ಬರುತ್ತದೆ, ದಿನಚರಿ ಕೇಳಿದರೆ ಕಷ್ಟ ತಾನಾಗಿ ಹೊರಬರುತ್ತದೆ. ಅವರು ಹೇಳುತ್ತಾ ಹೋದರು. ಮೂರು ಗಂಟೆಯ ಕಾಫಿಗೆ ಬಂದಾಗ ದನಿ ತಗ್ಗಿಸಿದರು: “ನೋಡಮ್ಮಾ, ಚಿಲಕ ಹೋದಾಗಿನಿಂದ ಆ ಕಾಫಿ ಆದಮೇಲೆ ಬೆಳಗಿನ ತನಕ ನಾನು ನೀರು ಮುಟ್ಟೋದಿಲ್ಲ. ಕುಡಿದರೆ ತಾನೇ ರಾತ್ರಿ ಏಳಬೇಕು? ಎದ್ದರೆ ಆ ಕ್ಯಾಮೆರಾ ಮುಂದೆ ಸೀರೆ ಸರಿಮಾಡಿಕೊಂಡು ಹೋಗಬೇಕು, ಒಳಗೆ ಹೋದರೆ ಬಾಗಿಲು ನಿಲ್ಲೋದಿಲ್ಲ.”

ಸ್ನಾನ ಹೇಗೆ ಮಾಡುತ್ತೀರಿ ಎಂದು ಕೇಳಿದಾಗ ಎದ್ದು ನಿಂತು ತೋರಿಸಿದರು. ಬಲಗೈಯಲ್ಲಿ ಚೊಂಬು, ಮುರಿದು ಕೂಡಿದ ಎಡಗೈ ಹಿಂದಕ್ಕೆ ಚಾಚಿ ಬಾಗಿಲನ್ನು ಒತ್ತಿ ಹಿಡಿದಿತ್ತು. ಮಗ ಹಾಕಿಸಿದ ಹಿಡಿಕೆಯನ್ನು ಹಿಡಿಯಲು ಅವರಿಗೆ ಮೂರನೆಯ ಕೈ ಇರಲಿಲ್ಲ.

ರಕ್ತದೊತ್ತಡಕ್ಕಾಗಿ ಅವರು ತೆಗೆದುಕೊಳ್ಳುತ್ತಿದ್ದ ಮಾತ್ರೆಗಳಲ್ಲಿ ಒಂದು, ಜನ ‘ನೀರು ಹೋಗುವ ಮಾತ್ರೆ’ ಎನ್ನುವ ಬಗೆಯದು. ಅದನ್ನು ನುಂಗುತ್ತಾ ಮಧ್ಯಾಹ್ನದಿಂದ ನೀರು ಬಿಟ್ಟವರಿಗೆ, ಮಲಗಿದಲ್ಲಿಂದ ತಟ್ಟನೆ ಎದ್ದಾಗ ರಕ್ತದೊತ್ತಡ ಕುಸಿದು ತಲೆ ಸುತ್ತುವ ಸಾಧ್ಯತೆ ಹೆಚ್ಚು. ಬೀಳದಿರಲೆಂದು ಮಾಡಿದ ಏರ್ಪಾಡೇ ಅವರನ್ನು ಬೀಳುವುದರ ಹತ್ತಿರಕ್ಕೆ ತಂದಿತ್ತು. ಮಾತ್ರೆಯ ವಿಷಯ ವೈದ್ಯರದು. ನೀರು ಬಿಟ್ಟಿರುವುದನ್ನು ವೈದ್ಯರಿಗೆ ತಿಳಿಸಿ, ತಾವಾಗಿಯೇ ಮಾತ್ರೆ ನಿಲ್ಲಿಸಬೇಡಿ ಎಂದಷ್ಟೇ ಹೇಳಿ ಕಳಿಸಿದೆ.

ಉಳಿದ ಸಲಹೆಗಳನ್ನು ತಾಯಿಯ ಅನುಮತಿ ಪಡೆದು, ಅವರ ಎದುರಿನಲ್ಲೇ ಮಗನಿಗೆ ಹೇಳಿದೆ. ಚಿಲಕ ಮತ್ತೆ ಬರಬೇಕು, ಆದರೆ ತುರ್ತಿನಲ್ಲಿ ಹೊರಗಿನಿಂದ ನಾಣ್ಯ ತೂರಿಸಿ ತಿರುಗಿಸಿದರೆ ತೆರೆಯುವಂಥದ್ದು. ಬಾಗಿಲು ಹೊರಗೆ ತೆರೆಯಬೇಕು. ಒಳಗೆ ತೆರೆಯುವ ಬಾಗಿಲಿಗೆ ಬಿದ್ದವರ ದೇಹವೇ ಅಡ್ಡವಾಗುತ್ತದೆ. ಹಿಡಿಕೆಯನ್ನು ಪ್ಲಂಬರ್ ತನಗೆ ಡ್ರಿಲ್ ಮಾಡಲು ಸುಲಭವಾದ ಕಡೆ ಕೂರಿಸಿದ್ದ (ಬಹಳ ಮನೆಗಳಲ್ಲಿ ಹೀಗೆಯೇ, ಇನ್ನು ಕೆಲವರು ಟವೆಲ್ ಹಾಕುವ ಸರಳನ್ನೇ ನಂಬಿರುತ್ತಾರೆ). ಅದನ್ನು ತಾಯಿ ಕೂತು ಏಳುವಾಗ ಅವರ ಕೈ ಸಹಜವಾಗಿ ಹೋಗುವ ಜಾಗಕ್ಕೆ ಬದಲಿಸಬೇಕು. ಸ್ನಾನಕ್ಕೆ ಜಾರದ ಸ್ಟೂಲು, ಮಂಚದಿಂದ ಬಚ್ಚಲವರೆಗೆ ರಾತ್ರಿಯಿಡೀ ಸಣ್ಣ ದೀಪ, ಎದ್ದ ಕೂಡಲೇ ನಡೆಯದೆ ಒಂದೆರಡು ನಿಮಿಷ ಮಂಚದ ಅಂಚಿನಲ್ಲಿ ಕೂರುವುದು. ಹೊಸ್ತಿಲು ತೆಗೆಸುವ ಯೋಚನೆ ಮಗನಿಗಿತ್ತು. ದಿನವೂ ಅರಿಸಿನ ಕುಂಕುಮವಿಟ್ಟು ಪೂಜಿಸುವ ಹೊಸ್ತಿಲನ್ನು ತೆಗೆಯಲು ತಾಯಿ ಒಪ್ಪಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಅದರ ಅಂಚಿಗೆ ಎದ್ದು ಕಾಣುವ ಹಳದಿ ಬಣ್ಣ, ಪಕ್ಕದ ಗೋಡೆಗೆ ಒಂದು ಹಿಡಿಕೆ, ಅಷ್ಟು ಸಾಕು.

ಈ ಪ್ರಕರಣವನ್ನು ಚರ್ಚೆಗೆ ಇಟ್ಟಾಗ ಸಹೋದ್ಯೋಗಿಯೊಬ್ಬರು, ಜೀವ ಮೊದಲು, ಸಂಕೋಚ ಆಮೇಲೆ, ಚಿಲಕ ಹಾಕಿಸಲು ಹೇಳಿ ಅಪಾಯ ಮೈಮೇಲೆ ಎಳೆದುಕೊಂಡಿರಿ ಎಂದು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಬುದ್ಧಿ ಸ್ವಾಧೀನದಲ್ಲಿರುವ ಹಿರಿಯರ ವಿಷಯದಲ್ಲಿ ಸಂಕೋಚವನ್ನು ಬದಿಗಿಟ್ಟು ಸುರಕ್ಷತೆಯನ್ನು ಕೂರಿಸಲು ಬರುವುದಿಲ್ಲ, ಏಕೆಂದರೆ ಆ ಸಂಕೋಚ ನೀರು ಬಿಡುವುದರಲ್ಲೋ, ಸ್ನಾನ ತಪ್ಪಿಸುವುದರಲ್ಲೋ, ಕತ್ತಲಲ್ಲಿ ಹಿತ್ತಿಲಿಗೆ ಹೋಗುವುದರಲ್ಲೋ ತನ್ನ ದಾರಿ ಕಂಡುಕೊಳ್ಳುತ್ತದೆ. ಮರೆವಿನ ಕಾಯಿಲೆ ಮುಂದುವರಿದವರ ಮಾತು ಬೇರೆ. ಅಲ್ಲಿ ಚಿಲಕ ಬೇಡವೆಂದೇ ನಾನೂ ಹೇಳುತ್ತೇನೆ. ಉಳಿದವರ ಮನೆಯಲ್ಲಿ, ಬಡಗಿಯನ್ನು ಕರೆಸುವ ಮುನ್ನ ಹಿರಿಯರನ್ನು ಬಚ್ಚಲಿಗೆ ಕರೆದೊಯ್ದು, ಎಲ್ಲಿ ಕೈ ಊರುತ್ತೀರಿ, ಎಲ್ಲಿ ಹೆದರಿಕೆಯಾಗುತ್ತದೆ ಎಂದು ಕೇಳಿ, ಅವರು ಮುಟ್ಟಿ ತೋರಿಸಿದ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿಸಬೇಕೆಂದು ಕೋರುತ್ತೇನೆ.

ಮಗ ಚಿಲಕಕ್ಕೆ ಒಪ್ಪಿದರು, ಕ್ಯಾಮೆರಾ ತೆಗೆಯಲು ಸುಲಭವಾಗಿ ಒಪ್ಪಲಿಲ್ಲ. ಕೊನೆಗೆ ಅದು ನಡುಮನೆಯಿಂದ ಹೊರಬಾಗಿಲಿನ ಕಡೆಗೆ ತಿರುಗಿತು. ಅದರ ಬದಲು ತಾಯಿಯ ಮಂಚದ ಬಳಿಯೂ ಬಚ್ಚಲ ಗೋಡೆಯಲ್ಲಿ ಕೆಳಮಟ್ಟದಲ್ಲೂ ಕರೆಗಂಟೆಯ ಗುಂಡಿ ಬಂತು. ತಾಯಿ ಸಂಜೆ ನೀರು ಕುಡಿಯಲು ಆರಂಭಿಸಿದ್ದಾರೆ. ಸೊಸೆಯೊಂದಿಗಿನ ಮಾತು ಇನ್ನೂ ಪೂರ್ತಿ ಕೂಡಿಲ್ಲ. ಮುಂದಿನ ಭೇಟಿಗೆ ಅವರಿಬ್ಬರನ್ನೇ ಬರಹೇಳಿದ್ದೇನೆ.