ಹೊಸ ಸ್ಪೀಕರ್ ಹಾಕಿದ ಮೇಲೆ ಬೇಸ್ ಎಲ್ಲಿ ಹೋಯ್ತು?

ಪ್ರಶ್ನೆ: ಕಾರಿನ ಮುಂದಿನ ಎರಡೂ ಡೋರ್‌ಗಳಿಗೆ ಆರೂವರೆ ಇಂಚಿನ ಕೋಯಾಕ್ಸಿಯಲ್ (ದೊಡ್ಡದರ ನಡುವೆಯೇ ಸಣ್ಣದೊಂದು ಕೂರಿಸಿರುವ) ಸ್ಪೀಕರ್ ನಾನೇ ಕೂರಿಸಿದೆ. ಸ್ಟೀರಿಯೋ ಹಳೆಯದೇ. ಹಾಡು ಸ್ಪಷ್ಟವಾಗಿ ಕೇಳುತ್ತದೆ, ಆದರೆ ಬೇಸ್ ಕಂಪನಿ ಸ್ಪೀಕರ್‌ಗಿಂತ ಕಡಿಮೆ. ವಾಲ್ಯೂಮ್ ಜಾಸ್ತಿ ಮಾಡಿದರೆ ಡೋರ್ ಗಡಗಡ ಅನ್ನುತ್ತದೆ. ಬಾಕ್ಸ್ ಮೇಲೆ 300 ವಾಟ್ ಅಂತಿದೆ. ಆಂಪ್ಲಿಫೈಯರ್ ಹಾಕಲೇಬೇಕಾ?

ಉತ್ತರ: ಸದ್ಯಕ್ಕೆ ಬೇಡ. ಡೋರ್ ಸರಿ ಮಾಡದೆ ಆಂಪ್ ಹಾಕಿದರೆ ಗಡಗಡ ಇನ್ನೂ ಜೋರಾಗುತ್ತದೆ, ಅಷ್ಟೇ.

ಮೊದಲು ವೈರ್ ನೋಡಿ. ಬೇಸ್ ಜಾಸ್ತಿ ಇರುವ ಹಾಡು ಹಾಕಿ, ಬ್ಯಾಲೆನ್ಸನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ. ಎರಡೂ ಸ್ಪೀಕರ್ ಹಾಡುವಾಗ ಇಲ್ಲದ ಬೇಸ್ ಒಂದೇ ಹಾಡುವಾಗ ಬಂತಾ? ಹಾಗಾದರೆ ಒಂದು ಕಡೆ ಪ್ಲಸ್ ಮೈನಸ್ ಅದಲು ಬದಲಾಗಿದೆ. ಒಂದು ಸ್ಪೀಕರಿನ ಕೋನ್ (ಅದುರಿ ಶಬ್ದ ಮಾಡುವ ಭಾಗ) ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗುತ್ತಿರುತ್ತದೆ, ಎರಡರ ಬೇಸ್ ಒಂದನ್ನೊಂದು ಕಳೆದುಹಾಕುತ್ತದೆ. ಯಾವ ವೈರ್ ಯಾವುದು ಅಂತ ಗೊತ್ತಾಗದಿದ್ದರೆ ಸ್ಟೀರಿಯೋ ಕಡೆಯ ಪ್ಲಗ್ ಬಿಚ್ಚಿ, ಅಲ್ಲಿನ ಎರಡು ತುದಿಗೆ 1.5 ವೋಲ್ಟಿನ ಪೆನ್ಸಿಲ್ ಸೆಲ್ ಒಂದು ಕ್ಷಣ ತಾಗಿಸಿ. ಕೋನ್ ಹೊರಕ್ಕೆ ಜಿಗಿದರೆ ಸೆಲ್‌ನ ಪ್ಲಸ್ ತಾಗಿದ್ದೇ ಸ್ಪೀಕರಿನ ಪ್ಲಸ್. ಹಾಗೆಯೇ, ಮೈನಸ್ ಅಲ್ವಾ ಅಂತ ಸ್ಪೀಕರ್ ವೈರನ್ನು ಕಾರಿನ ಬಾಡಿಗೆ ಕೊಡಬೇಡಿ. ಈಗಿನ ಸ್ಟೀರಿಯೋಗಳಲ್ಲಿ ಸ್ಪೀಕರಿನ ಎರಡೂ ವೈರಿನಲ್ಲಿ ಸಿಗ್ನಲ್ ಇರುತ್ತದೆ, ಬಾಡಿಗೆ ತಾಗಿದರೆ ಔಟ್‌ಪುಟ್ ಸುಟ್ಟುಹೋಗಬಹುದು.

ವೈರ್ ಸರಿ ಇದ್ದರೆ ತಪ್ಪು ಡೋರಿನದು. ಸ್ಪೀಕರಿಗೆ ಒಂದು ಪೆಟ್ಟಿಗೆ ಬೇಕು, ಕಾರಿನಲ್ಲಿ ಆ ಪೆಟ್ಟಿಗೆ ಅಂದರೆ ಡೋರೇ. ಕೋನ್ ಮುಂದಕ್ಕೆ ಗಾಳಿ ತಳ್ಳಿದಷ್ಟೇ ಹಿಂದಕ್ಕೂ ಎಳೆಯುತ್ತದೆ, ಈ ಹಿಂದಿನ ಗಾಳಿ ಸಂದಿಯಲ್ಲಿ ನುಸುಳಿ ಮುಂದೆ ಬಂದರೆ ಬೇಸ್ ಅಲ್ಲೇ ಸತ್ತುಹೋಯಿತು. ಕಂಪನಿ ಸ್ಪೀಕರಿನ ಪ್ಲಾಸ್ಟಿಕ್ ಫ್ರೇಮ್ ಸಾಮಾನ್ಯವಾಗಿ ಆ ತೂತಿಗೇ ಅಳತೆ ಮಾಡಿದ್ದು, ಸುತ್ತ ಫೋಮ್ ಕೂಡ ಇರುತ್ತದೆ. ಸ್ಪೀಕರ್ ಕೂರಿಸಲು ನೀವು ಹಾಕಿದ ರಿಂಗ್ ಮತ್ತು ಡೋರ್ ತಗಡಿನ ಮಧ್ಯೆ ಬೆರಳು ಆಡಿಸಿ ನೋಡಿ, ಸಂದಿ ಸಿಗುತ್ತದೆ ಅಂತ ನನ್ನ ಅನುಮಾನ. ರಿಂಗಿನ ಹಿಂದೆಯೂ ಸ್ಪೀಕರ್ ಅಂಚಿಗೂ ಫೋಮ್ ಟೇಪ್ ಹಾಕಿ, ಸ್ಕ್ರೂಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ರಿಂಗ್ ಎಮ್‌ಡಿಎಫ್‌ನದಾಗಿದ್ದರೆ (ಮರದ ನಾರು ಒತ್ತಿ ಮಾಡಿದ ಹಲಗೆ) ನೀರು ತಾಗಿ ಊದಿಕೊಳ್ಳುತ್ತದೆ, ಪ್ಲಾಸ್ಟಿಕ್‌ನದೇ ಒಳ್ಳೆಯದು.

ಇನ್ನು ಒಳಗಿನ ತಗಡಿನಲ್ಲಿ ಗ್ಲಾಸ್ ಮೋಟರ್ ರಿಪೇರಿಗೆ ಅಂತ ಬಿಟ್ಟಿರುವ ದೊಡ್ಡ ದೊಡ್ಡ ತೂತುಗಳಿವೆಯಲ್ಲ, ಅವುಗಳ ಮೇಲಿರುವ ತೆಳು ಪ್ಲಾಸ್ಟಿಕ್ ಹಾಳೆ ನೀರು ತಡೆಯುತ್ತದೆಯೇ ಹೊರತು ಬೇಸನ್ನಲ್ಲ. ಅಲ್ಯೂಮಿನಿಯಂ ತಗಡು ಕತ್ತರಿಸಿ ಸ್ಕ್ರೂನಲ್ಲಿ ಕೂರಿಸಿ, ಅಂಚಿಗೆ ಬ್ಯೂಟೈಲ್ ಡ್ಯಾಂಪಿಂಗ್ ಶೀಟ್ (ತಗಡು ಅದುರುವುದನ್ನು ತಡೆಯುವ ರಬ್ಬರಿನಂಥ ಅಂಟು ಹಾಳೆ) ಅಂಟಿಸಿ. ಮುಂದೆ ಮೋಟರ್ ಕೆಟ್ಟರೆ ಬಿಚ್ಚಬೇಕಲ್ಲ, ಅದಕ್ಕೇ ಸ್ಕ್ರೂ. ಹೊರಗಿನ ತಗಡಿಗೆ ಪೂರ್ತಿ ಅಂಟಿಸಬೇಕಾಗಿಲ್ಲ, ಸ್ಪೀಕರ್ ಹಿಂದೆ ಮತ್ತು ಅಗಲವಾದ ಸಪಾಟು ಜಾಗದಲ್ಲಿ ಅಂಟಿಸಿದರೆ ಸಾಕು. ಸೋರುವ ತಾರಸಿಗೆ ಹಾಕುವ ಟಾರ್ ಶೀಟ್ ಮಾತ್ರ ಬೇಡ, ಬಿಸಿಲಿಗೆ ಕರಗಿ ಇಳಿಯುತ್ತದೆ, ವಾಸನೆ ಬೇರೆ. ಡೋರ್ ತಳದಲ್ಲಿ ನೀರು ಹೋಗುವ ಸಣ್ಣ ತೂತುಗಳನ್ನು ಮುಚ್ಚಬೇಡಿ.

ಒಂದು ಎಚ್ಚರಿಕೆ. ಕೆಲವು ಕಾರುಗಳಲ್ಲಿ ಸೈಡ್ ಏರ್‌ಬ್ಯಾಗಿನ ಪ್ರೆಷರ್ ಸೆನ್ಸರ್ ಡೋರ್ ಒಳಗೇ ಇರುತ್ತದೆ. ಡಿಕ್ಕಿಯಾದಾಗ ಡೋರ್ ಒಳಗಿನ ಗಾಳಿಯ ಒತ್ತಡ ಏರುವುದನ್ನು ಅದು ಗುರುತಿಸುತ್ತದೆ. ಅಂಥ ಕಾರಿನಲ್ಲಿ ಹೊಸ ತೂತು ಕೊರೆಯುವುದು, ಇದ್ದದ್ದನ್ನು ಮುಚ್ಚುವುದು ಎರಡೂ ಬೇಡ. ಮೊದಲು ಸರ್ವೀಸ್ ಮ್ಯಾನುಯಲ್ ನೋಡಿ.

ಗಡಗಡ ಹೆಚ್ಚಾಗಿ ಡೋರ್ ಪ್ಯಾಡಿನದು, ಅಂದರೆ ಡೋರಿನ ಒಳಗಡೆಯ ಪ್ಲಾಸ್ಟಿಕ್ ಹೊದಿಕೆಯದು. ಮುರಿದ ಕ್ಲಿಪ್ ಬದಲಾಯಿಸಿ, ಒಳಗೆ ನೇತಾಡುವ ವೈರಿಗೆ ಫೋಮ್ ಸುತ್ತಿ. ಸ್ಪೀಕರಿಗೂ ಪ್ಯಾಡಿನ ಜಾಲರಿಗೂ ಮಧ್ಯೆ ಫೋಮ್ ರಿಂಗ್ ಹಾಕಿದರೆ ಶಬ್ದ ಪ್ಯಾಡಿನ ಹಿಂದೆ ಸೋರದೆ ಕಾರಿನೊಳಗೆ ಬರುತ್ತದೆ. ಗ್ಲಾಸ್ ಪೂರ್ತಿ ಇಳಿಸಿ ಮ್ಯಾಗ್ನೆಟ್‌ಗೆ ತಾಗುತ್ತಾ ಅಂತಲೂ ನೋಡಿಬಿಡಿ.

ಆ 300 ವಾಟ್ ಮರೆತುಬಿಡಿ. ಅದು ಪೀಕ್ (ಕ್ಷಣಮಾತ್ರದ ಗರಿಷ್ಠ) ಲೆಕ್ಕ, ಸುಮ್ನೆ ಬಾಕ್ಸ್ ಮೇಲಿನ ಅಲಂಕಾರ. ಮಾಮೂಲಿ ಸ್ಟೀರಿಯೋ ಒಂದು ಚಾನೆಲ್‌ಗೆ ನಿಜವಾಗಿ ಕೊಡುವುದು 15-20 ವಾಟ್ ಅಷ್ಟೇ. ಆಂಪ್ ಇಲ್ಲದವರು ನೋಡಬೇಕಾದದ್ದು ಸೆನ್ಸಿಟಿವಿಟಿ, ಅಂದರೆ ಕೊಟ್ಟಷ್ಟು ಪವರ್‌ಗೆ ಸ್ಪೀಕರ್ ಎಷ್ಟು ಜೋರಾಗಿ ಹಾಡುತ್ತದೆ ಅನ್ನುವ ಅಳತೆ. 3 ಡೆಸಿಬೆಲ್ ಜಾಸ್ತಿ ಇರುವ ಸ್ಪೀಕರ್ ಅರ್ಧ ಪವರ್‌ನಲ್ಲೇ ಅಷ್ಟೇ ಜೋರಾಗಿ ಹಾಡುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಎದೆಗೆ ಗುದ್ದುವ ಬೇಸ್ ಬೇಕು ಅಂದರೆ ಅದು ಸಬ್‌ವೂಫರ್ (ಬೇಸ್‌ಗೆಂದೇ ಇರುವ ಸ್ಪೀಕರ್) ಕೆಲಸ. ಆಗ ಡೋರ್ ಸ್ಪೀಕರ್‌ಗಳಿಗೆ 80 ಹರ್ಟ್ಸ್ ಹತ್ತಿರ ಹೈಪಾಸ್ (ಅದಕ್ಕಿಂತ ಕೆಳಗಿನ ಬೇಸ್ ತಡೆಯುವ ಫಿಲ್ಟರ್) ಇಡಿ.

ಪ್ರಶ್ನೆ: ನನ್ನ ಸ್ಟೀರಿಯೋಗೆ ಈಗ 4 ಓಮ್ ಸ್ಪೀಕರ್ ಇದೆ. 2 ಓಮ್‌ನದು ಹಾಕಬಹುದಾ?

ಉತ್ತರ: ಸ್ಟೀರಿಯೋ ಮ್ಯಾನುಯಲ್‌ನಲ್ಲಿ 2 ಓಮ್ ನಡೆಯುತ್ತದೆ ಅಂತ ಬರೆದಿದ್ದರೆ ಮಾತ್ರ. ಓಮ್ ಅಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ. ಅದು ಅರ್ಧವಾದರೆ ಅದೇ ವೋಲ್ಟೇಜಿಗೆ ಕರೆಂಟ್ ಎರಡು ಪಟ್ಟು ಹರಿಯುತ್ತದೆ, ಸ್ಟೀರಿಯೋ ಬಿಸಿಯಾಗಿ ಆಫ್ ಆಗಬಹುದು, ಕೆಡಲೂಬಹುದು. ಉಲ್ಟಾ ಮಾಡಿದರೆ, ಅಂದರೆ 2 ಇದ್ದ ಕಡೆ 4 ಹಾಕಿದರೆ, ಏನೂ ಕೆಡುವುದಿಲ್ಲ, ದನಿ ಸ್ವಲ್ಪ ಕಮ್ಮಿಯಾಗುತ್ತದೆ ಅಷ್ಟೇ. ಹಾಗೇ, ಮಲ್ಟಿಮೀಟರ್‌ನಲ್ಲಿ ಅಳೆದಾಗ 4 ಓಮ್ ಸ್ಪೀಕರ್ ಮೂರು ಚಿಲ್ಲರೆ ತೋರಿಸಿದರೆ ಗಾಬರಿ ಬೇಡ, ಅದು ಬರೀ ಕಾಯಿಲ್‌ನ ರೆಸಿಸ್ಟೆನ್ಸ್.